‘ಪೂರ್ತಿ ಹುಷಾರಾದ ಮೇಲೆ ನೋಡೋಣ’ ಅಂತ ಕಾಯಬೇಡಿ: ತೀವ್ರ ಮಾನಸಿಕ ಕಾಯಿಲೆ ಇರುವವರು ಕೆಲಸ ಹಿಡಿಯಲು, ಉಳಿಸಿಕೊಳ್ಳಲು ಮನೆಯವರಿಗೊಂದು ಮಾರ್ಗದರ್ಶಿ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ ಅಂತ ಗೊತ್ತಾದಾಗ ಅವನಿಗೆ 21 ವರ್ಷ. ಡಿಪ್ಲೊಮಾದ ಕೊನೆಯ ಸೆಮಿಸ್ಟರ್. ಆಮೇಲೆ ಆರು ವರ್ಷ ಅವನು ಮನೆಯಲ್ಲೇ ಇದ್ದ. ಮಾತ್ರೆ ತಪ್ಪಿಸುತ್ತಿರಲಿಲ್ಲ. ಗಲಾಟೆ ಇರಲಿಲ್ಲ. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ಬಹಳ ಮಟ್ಟಿಗೆ ಅಡಗಿದ್ದವು. ಆದರೂ ಕೆಲಸದ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದೇ ಉತ್ತರ: “ಪೂರ್ತಿ ಹುಷಾರಾಗಲಿ, ಆಮೇಲೆ ನೋಡೋಣ.” ಹಾಗೆ ಹೇಳುತ್ತಿದ್ದವರಲ್ಲಿ ನಾನೂ ಒಬ್ಬಳು. ಪ್ರೀತಿಯಿಂದಲೇ ಹೇಳುತ್ತಿದ್ದೆವು. ಆದರೆ ಆ ಆರು ವರ್ಷ ಅವನ ಕೈತಪ್ಪಿ ಹೋಯಿತು.

ಈಗ ಅವನು ತುಮಕೂರಿನ ಮಂಡಿಪೇಟೆ ಕಡೆ ಒಂದು ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿಗೆ ತಲುಪುವಷ್ಟರಲ್ಲಿ ನಾವು ಎರಡು ಕೆಲಸ ಕಳೆದುಕೊಂಡೆವು, ಬಹಳ ಕಲಿತೆವು. ಸ್ಕಿಜೋಫ್ರೇನಿಯಾ, ಬೈಪೋಲಾರ್ (ಉನ್ಮಾದ ಮತ್ತು ಖಿನ್ನತೆ ಬೇರೆ ಬೇರೆ ಹೊತ್ತಿನಲ್ಲಿ ಬರುವುದು), ತೀವ್ರ ಖಿನ್ನತೆಯಂಥ ಕಾಯಿಲೆ ಇರುವ ಒಬ್ಬರು ನಿಮ್ಮ ಮನೆಯಲ್ಲಿದ್ದರೆ ಇದು ನಿಮಗಾಗಿ. ನಿಮಗೇ ಆ ಕಾಯಿಲೆ ಇದ್ದರೂ ಓದಿ, ‘ಮನೆಯವರು’ ಅಂತ ಇರುವ ಕಡೆ ನಿಮ್ಮ ನಂಬಿಕೆಯ ಒಬ್ಬರನ್ನು ಇಟ್ಟುಕೊಳ್ಳಿ. ನಾವು ಒಂಟಿಯಲ್ಲ. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 0.8ರಷ್ಟು ಜನಕ್ಕೆ ಇಂಥ ತೀವ್ರ ಕಾಯಿಲೆ ಇದೆ. ಸಾವಿರ ವಯಸ್ಕರಿದ್ದರೆ ಸುಮಾರು ಎಂಟು ಜನ.

ಮೊದಲು ಕೆಲಸ, ಕಲಿಯುವುದು ಕೆಲಸದಲ್ಲೇ

ಹಿಂದೆಲ್ಲ ನಂಬಿದ್ದು ಹೀಗೆ: ಮೊದಲು ಕಾಯಿಲೆ ಪೂರ್ತಿ ಹತೋಟಿಗೆ ಬರಬೇಕು, ಆಮೇಲೆ ವರ್ಷಗಟ್ಟಲೆ ತರಬೇತಿ, ಬುಟ್ಟಿ ಹೆಣೆಯುವುದು, ಮೇಣದಬತ್ತಿ ಮಾಡುವುದು, ಕೊನೆಗೆ ಹೊರಗಿನ ಕೆಲಸ. ತೊಂದರೆ ಏನೆಂದರೆ ಬಹಳ ಜನ ಆ ಬುಟ್ಟಿಯ ಹತ್ತಿರವೇ ಉಳಿದುಬಿಟ್ಟರು.

1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಎಂಬ ಇಬ್ಬರು ಸಂಶೋಧಕರು ಈ ದಾರಿಯನ್ನೇ ತಿರುಗಿಸಿದರು. ಕೆಲಸ ಬೇಕು ಅನ್ನುವ ಯಾರನ್ನೂ ‘ನೀನಿನ್ನೂ ತಯಾರಿಲ್ಲ’ ಅಂತ ವಾಪಸ್ ಕಳಿಸಬಾರದು. ಬೇಗ ಹುಡುಕಲು ಶುರು ಮಾಡಬೇಕು. ಎಲ್ಲರಿಗೂ ಸಿಗುವಂಥ, ಸಂಬಳ ಬರುವ ಮಾಮೂಲಿ ಕೆಲಸವೇ ಆಗಬೇಕು. ಕೆಲಸ ಕೊಡಿಸಲು ಸಹಾಯ ಮಾಡುವವರು ಮತ್ತು ಡಾಕ್ಟರ್ ಒಟ್ಟಿಗೆ ಮಾತಾಡುತ್ತಿರಬೇಕು. ಸಿಕ್ಕಿದ ಮೇಲೂ ಜೊತೆಗಿರಬೇಕು, ಅದಕ್ಕೆ ಗಡುವಿಲ್ಲ. ಇದಕ್ಕೆ ‘ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್’ ಅಂತ ಹೆಸರು. ಯುರೋಪಿನ ಆರು ನಗರಗಳಲ್ಲಿ 312 ಜನರ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನ 2007ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಈ ದಾರಿಯಲ್ಲಿ ಹೋದವರಲ್ಲಿ ಶೇ. 55 ಜನಕ್ಕೆ ಕೆಲಸ ಸಿಕ್ಕಿತ್ತು. ಹಳೆಯ ದಾರಿಯಲ್ಲಿ ಶೇ. 28.

ನಮ್ಮಲ್ಲಿ ಇಂಥ ಉದ್ಯೋಗ ಸಹಾಯಕರು ಊರೂರಿಗೆ ಸಿಗುವುದಿಲ್ಲ. ಆ ಜಾಗದಲ್ಲಿ ಅಕ್ಕ, ಅಣ್ಣ, ಅಮ್ಮ, ಹೆಂಡತಿ ನಿಲ್ಲಬೇಕಾಗುತ್ತದೆ. ಹಾಗೆ ನಿಂತಾಗ ಏನೇನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಹಂತ 1: ಅವರನ್ನೇ ಕೇಳಿ

ಇದು ಎಲ್ಲರಿಗೂ ಗೊತ್ತಿರುವ ಮಾತು ಅನ್ನಿಸಬಹುದು. ಆದರೆ ನಾವು ಕೇಳಿರಲಿಲ್ಲ. ಮೊದಲ ಕೆಲಸ ನಮ್ಮ ಸೋದರಮಾವ ಹುಡುಕಿದ್ದು, ಒಂದು ಮೊಬೈಲ್ ಅಂಗಡಿಯಲ್ಲಿ. ಇಡೀ ದಿನ ಗಿರಾಕಿಗಳ ಜೊತೆ ಮಾತು. ತಮ್ಮ ಹನ್ನೊಂದನೇ ದಿನ ಬಿಟ್ಟ. “ಅವನಿಗೆ ಕೆಲಸ ಮಾಡೋ ಮನಸ್ಸಿಲ್ಲ” ಅಂತ ಮಾವ ಬೇಸರ ಮಾಡಿಕೊಂಡರು. ಅವನಿಗೆ ಮನಸ್ಸಿತ್ತು. ಎಲ್ಲರೂ ಒಟ್ಟಿಗೆ ಮಾತಾಡುವ ಜಾಗದಲ್ಲಿ ನಿಲ್ಲುವುದು ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ.

“ಏನ್ ಕೆಲಸ ಮಾಡ್ತೀಯ?” ಅಂತ ನೇರವಾಗಿ ಕೇಳಿದರೆ ಬಹಳ ಸಲ ಉತ್ತರ ಬರುವುದಿಲ್ಲ. ಸಣ್ಣ ಸಣ್ಣ ಪ್ರಶ್ನೆ ಕೇಳಿ. ಕೂತು ಮಾಡುವುದಾ, ಓಡಾಡಿಕೊಂಡು ಮಾಡುವುದಾ? ಒಬ್ಬರೇ ಇರುವುದು ಇಷ್ಟವಾ, ಇಬ್ಬರು ಮೂವರು ಇರಲಿ ಅನ್ನಿಸುತ್ತದಾ? ಕಾಯಿಲೆಗೆ ಮುಂಚೆ ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ? ಒಂದೇ ಸಲಕ್ಕೆ ಎಲ್ಲ ಬೇಡ. ಸಂಜೆ ನಡೆದಾಡುವಾಗ ಒಂದು, ಟೀ ಕುಡಿಯುವಾಗ ಒಂದು.

ಇಲ್ಲಿ ಒಂದು ವಿಷಯ ಗೊತ್ತಿರಲಿ. ಸ್ಕಿಜೋಫ್ರೇನಿಯಾದಲ್ಲಿ ಧ್ವನಿ ಕೇಳುವುದು, ಅನುಮಾನ ಪಡುವುದು ಮಾತ್ರ ಲಕ್ಷಣವಲ್ಲ. ಯಾವುದರಲ್ಲೂ ಉತ್ಸಾಹ ಇಲ್ಲದಿರುವುದು, ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಏನನ್ನೂ ತಾನಾಗಿ ಶುರು ಮಾಡಲು ಆಗದಿರುವುದು, ಇವೂ ಕಾಯಿಲೆಯ ಭಾಗವೇ. ಮಾತ್ರೆ ಧ್ವನಿಗಳನ್ನು ಅಡಗಿಸಿದಷ್ಟು ಸುಲಭವಾಗಿ ಇವನ್ನು ಅಡಗಿಸುವುದಿಲ್ಲ. ಮನೆಯಲ್ಲಿ ಇದನ್ನೇ ‘ಸೋಮಾರಿತನ’ ಅನ್ನುತ್ತೇವೆ. ದಯವಿಟ್ಟು ಆ ಪದ ಬಿಟ್ಟುಬಿಡಿ. ಅದು ಕಿವಿಗೆ ಬಿದ್ದಷ್ಟೂ ಅವರು ಇನ್ನೂ ಒಳಗೆ ಸೇರಿಕೊಳ್ಳುತ್ತಾರೆ.

ಹಂತ 2: ಡಾಕ್ಟರ್ ಹತ್ತಿರ ಕೆಲಸದ ಮಾತು ಎತ್ತಿ

ತಿಂಗಳಿಗೊಮ್ಮೆ ಹೋದಾಗ ಡಾಕ್ಟರ್ ಕೇಳುವುದು ನಿದ್ದೆ, ಊಟ, ಮಾತ್ರೆ. ನಾವೂ ಅಷ್ಟಕ್ಕೇ ಉತ್ತರ ಕೊಟ್ಟು ಬರುತ್ತೇವೆ. ಮುಂದಿನ ಸಲ ಹೋದಾಗ ಮೊದಲ ವಾಕ್ಯವೇ ಹೀಗಿರಲಿ: “ಡಾಕ್ಟ್ರೇ, ಕೆಲಸಕ್ಕೆ ಹೋಗಬೇಕು ಅಂತಿದ್ದಾನೆ. ಅದಕ್ಕೆ ತಕ್ಕ ಹಾಗೆ ಮಾತ್ರೆ ಹೊಂದಿಸೋಕೆ ಆಗುತ್ತಾ?”

ಈ ಒಂದು ಪ್ರಶ್ನೆಯಿಂದ ಬಹಳ ಬದಲಾಗುತ್ತದೆ. ಬೆಳಿಗ್ಗೆ ಹತ್ತಾದರೂ ಏಳಲು ಆಗದ ಮಂಪರಿಗೆ ಕೆಲವು ಸಲ ಮಾತ್ರೆಯ ಹೊತ್ತೇ ಕಾರಣ. ರಾತ್ರಿ 11ಕ್ಕೆ ತೆಗೆದುಕೊಳ್ಳುತ್ತಿದ್ದದ್ದನ್ನು 8ಕ್ಕೆ ತಂದರೆ ಬೆಳಿಗ್ಗೆ ಹಗುರವಾಗಬಹುದು. ಕೈ ನಡುಕ ಇದ್ದರೆ ಅದನ್ನೂ ಹೇಳಿ, ಕಡಿಮೆ ಮಾಡಲು ದಾರಿಗಳಿವೆ. ದಿನಾ ಮಾತ್ರೆ ನೆನಪಿಟ್ಟುಕೊಳ್ಳುವುದು ಕಷ್ಟವಾದರೆ, ತಿಂಗಳಿಗೋ ಹದಿನೈದು ದಿನಕ್ಕೋ ಒಮ್ಮೆ ಕೊಡುವ ಇಂಜೆಕ್ಷನ್ ಅವರಿಗೆ ಆಗುತ್ತದಾ ಅಂತ ಕೇಳಿ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಎಂಬ ಮಾತ್ರೆ ಶುರು ಮಾಡಿದ್ದರೆ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಇರುತ್ತದೆ. ಆ ರಜೆಯ ಲೆಕ್ಕ ಮೊದಲೇ ಇಟ್ಟುಕೊಳ್ಳಿ. ನೀವಾಗಿಯೇ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಬೇಡಿ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ವಿಷಯ ಬೇರೆಯಾಗಿ ಹೇಳಬೇಕು. ಜಾಸ್ತಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ಅಪಾಯವಾಗುತ್ತದೆ. ಬೇಕರಿಯ ಒಲೆ ಮುಂದೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಹೊರುವ ಕೆಲಸ ಅವರಿಗೆ ಬೇಡ. ಎಲ್ಲೇ ಇರಲಿ, ನೀರಿನ ಬಾಟಲಿ ಕೈಗೆಟುಕುವಂತಿರಬೇಕು. ಬೈಪೋಲಾರ್ ಇರುವವರಿಗೆ ರಾತ್ರಿ ಪಾಳಿ ಆದಷ್ಟು ತಪ್ಪಿಸಿ. ನಿದ್ದೆ ಕೆಟ್ಟರೆ ಉನ್ಮಾದದ ಹಂತ ಮರಳುವ ಸಾಧ್ಯತೆ ಜಾಸ್ತಿ.

ಹಂತ 3: ಎರಡು ವಾರದ ನೋಟ್‌ಬುಕ್

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಇಬ್ಬರೂ ಕೂತು ದಿನಾ ನಾಲ್ಕೇ ಸಾಲು ಬರೆಯಿರಿ. ಎದ್ದದ್ದು ಎಷ್ಟು ಹೊತ್ತಿಗೆ? ಯಾವ ಹೊತ್ತಿನಲ್ಲಿ ತಲೆ ಚುರುಕಾಗಿತ್ತು? ಒಂದು ಕೆಲಸವನ್ನು ಎಷ್ಟು ನಿಮಿಷ ಬಿಡದೆ ಮಾಡಲು ಆಯಿತು? ಏನಾದಾಗ ಸುಸ್ತು, ಸಿಟ್ಟು, ಹೆದರಿಕೆ ಬಂತು?

ನಮ್ಮ ತಮ್ಮನ ಪುಸ್ತಕದಲ್ಲಿ ಎರಡು ವಾರಕ್ಕೆ ಸ್ಪಷ್ಟವಾದದ್ದು ಇಷ್ಟು. ಹನ್ನೊಂದರಿಂದ ಮೂರರವರೆಗೆ ಚೆನ್ನಾಗಿರುತ್ತಾನೆ. ನಲವತ್ತು ನಿಮಿಷಕ್ಕೊಮ್ಮೆ ಎದ್ದು ಹೊರಗೆ ಹೋಗಿ ಬರಬೇಕು. ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾತ್ರ ನೆನಪಿರುತ್ತದೆ. ಕೆಲಸ ಹುಡುಕುವಾಗ ಇದಕ್ಕಿಂತ ಒಳ್ಳೆಯ ಬಯೋಡಾಟಾ ಇಲ್ಲ. ಒಂದೇ ಸಲ ಪೂರ್ತಿ ದಿನದ ಕೆಲಸಕ್ಕೆ ಹಾರಬೇಡಿ ಅನ್ನುವುದನ್ನೂ ನಮಗೆ ಈ ಪುಸ್ತಕವೇ ಹೇಳಿತು. ದಿನಕ್ಕೆ ನಾಲ್ಕು ಗಂಟೆಯಿಂದ ಶುರು ಮಾಡಿದೆವು.

ಹಂತ 4: ಕಾಗದ ಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ) ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲೋ ಸೂಚಿಸಿದ ಆಸ್ಪತ್ರೆಯಲ್ಲೋ ಮನೋವೈದ್ಯರ ಮುಂದೆ ಹಾಜರಾಗಬೇಕು. ಅವರು ‘ಐಡಿಯಾಸ್’ ಎಂಬ ಮಾಪನದಲ್ಲಿ ನಾಲ್ಕು ವಿಷಯ ನೋಡುತ್ತಾರೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ. ಕಾಯಿಲೆಯ ಅವಧಿಗೂ ಅಂಕ ಸೇರಿ ಒಟ್ಟು 20. ಅದರಲ್ಲಿ 7 ಅಥವಾ ಜಾಸ್ತಿ ಬಂದರೆ ಶೇ. 40ರ ಮೇಲೆ ಅಂತ ಲೆಕ್ಕ. ಸೌಲಭ್ಯಗಳಿಗೆ ಬೇಕಾದದ್ದು ಆ ಶೇ. 40. ಹೋಗುವಾಗ ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲ ವರ್ಷವಾರು ಜೋಡಿಸಿಕೊಂಡು ಹೋಗಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಜನ ವಿ.ಆರ್.ಡಬ್ಲ್ಯೂ. ಅನ್ನುತ್ತಾರೆ. ಅರ್ಜಿ ಹಾಕಿಸುವುದು, ಮಾಸಾಶನಕ್ಕೆ ಓಡಾಡುವುದು ಅವರಿಗೆ ಗೊತ್ತಿರುತ್ತದೆ.

ಕಾರ್ಡ್ ಇದ್ದರೆ ಸರ್ಕಾರಿ ನೇಮಕಾತಿಯಲ್ಲೂ ದಾರಿ ಇದೆ. ವಿಕಲಚೇತನರಿಗೆ ಇರುವ ಶೇ. 4 ಮೀಸಲಾತಿಯಲ್ಲಿ ಶೇ. 1 ಭಾಗ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಒಟ್ಟಾಗಿ ಸೇರುತ್ತದೆ.

ಆದರೆ ಒಂದು ಎಚ್ಚರ. ತಂದೆಯೋ ತಾಯಿಯೋ ಸರ್ಕಾರಿ ನೌಕರರಾಗಿದ್ದು ಮಗನಿಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ, ಅಥವಾ ಮಾಸಾಶನ ಬರುತ್ತಿದ್ದರೆ, ಅವಕ್ಕೆ ಆದಾಯದ ಮಿತಿ ಇರುತ್ತದೆ. ಕೆಲಸಕ್ಕೆ ಸೇರುವ ಮುಂಚೆ ಖಜಾನೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಎಷ್ಟು ಸಂಬಳ ಬಂದರೆ ಏನಾಗುತ್ತದೆ ಅಂತ ಬರೆದುಕೊಳ್ಳಿ. ‘ಪಿಂಚಣಿ ಹೋಗುತ್ತೆ’ ಅನ್ನುವ ಹೆದರಿಕೆಯಲ್ಲೇ ಎಷ್ಟೋ ಜನ ಕೆಲಸದ ಯೋಚನೆ ಬಿಡುತ್ತಾರೆ. ಲೆಕ್ಕ ಕೈಯಲ್ಲಿದ್ದರೆ ಆ ಹೆದರಿಕೆ ಅರ್ಧ ಇಳಿಯುತ್ತದೆ.

ಹಂತ 5: ಎಂಥ ಕೆಲಸ

‘ಮಾನಸಿಕ ಕಾಯಿಲೆ ಇರುವವರಿಗೆ ತಕ್ಕ ಕೆಲಸ’ ಅಂತ ಬೇರೆ ಪಟ್ಟಿ ಇಲ್ಲ. ಕಾಯಿಲೆ ಇಟ್ಟುಕೊಂಡೇ ಪಾಠ ಮಾಡುವವರು, ಕೋಡ್ ಬರೆಯುವವರು, ಆಟೊ ಓಡಿಸುವವರು ಇದ್ದಾರೆ. ನೋಡಬೇಕಾದದ್ದು ಕೆಲಸದ ಹೆಸರನ್ನಲ್ಲ, ಜಾಗವನ್ನು. ಗದ್ದಲ ಎಷ್ಟು? ಮೇಲೆ ಒಬ್ಬರೇ ಹೇಳುವವರಿದ್ದಾರಾ, ನಾಲ್ಕು ಜನ ನಾಲ್ಕು ಮಾತು ಹೇಳುತ್ತಾರಾ? ನಡುವೆ ಐದು ನಿಮಿಷ ಎದ್ದು ಹೋಗಬಹುದಾ? ಮನೆಯಿಂದ ಎಷ್ಟು ದೂರ? ಎರಡು ಬಸ್ಸು ಬದಲಿಸಿ ಹೋಗುವ ಒಳ್ಳೆಯ ಕೆಲಸಕ್ಕಿಂತ, ನಡೆದು ಹೋಗುವ ಸಾಧಾರಣ ಕೆಲಸ ಮೊದಲ ವರ್ಷಕ್ಕೆ ಒಳ್ಳೆಯದು ಅನ್ನುವುದು ನನ್ನ ಅನುಭವ. ಹೆಣ್ಣುಮಕ್ಕಳಿಗಾದರೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಾದರೂ ಉಳಿಯುತ್ತದೆ.

ಹೆಣ್ಣುಮಕ್ಕಳ ವಿಷಯ ಬಂದಾಗ ಇನ್ನೊಂದು ಮಾತು. ಮಗನಿಗೆ ಕಾಯಿಲೆ ಬಂದರೆ ಕೆಲಸ ಹೋಯಿತಲ್ಲ ಅಂತ ಮನೆಯವರು ಚಿಂತೆ ಮಾಡುತ್ತಾರೆ. ಮಗಳಿಗೆ ಬಂದರೆ, ಪಾತ್ರೆ ತೊಳೆಯುತ್ತಾಳೆ, ಅಡುಗೆ ಮಾಡುತ್ತಾಳೆ, ಸಾಕು ಅನ್ನುತ್ತಾರೆ. ಅವಳನ್ನೂ ಕೇಳಿ. ತನ್ನದೇ ದುಡ್ಡು ಅವಳ ಕೈಗೂ ಬರಲಿ.

ಹಳ್ಳಿಯಲ್ಲಿ ಸ್ವಲ್ಪ ಬೇರೆ. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ನೋಡಿಕೊಂಡು ಬಂದ ನಿಮ್ಹಾನ್ಸ್ ವೈದ್ಯರು ಕಂಡದ್ದು ಏನೆಂದರೆ, ಚಿಕಿತ್ಸೆ ಸರಿಯಾಗಿ ಸಿಕ್ಕರೆ ಬಹಳ ಜನ ಕೆಲಸಕ್ಕೆ ಮರಳುತ್ತಾರೆ. ತೋಟ, ಹಸು, ಡೈರಿಗೆ ಹಾಲು ಹಾಕುವುದು, ಇವೆಲ್ಲ ದಿನಾ ಒಂದೇ ಹೊತ್ತಿಗೆ ಆಗಬೇಕಾದ ಕೆಲಸಗಳು. ಆ ನಿಯಮವೇ ಅವರಿಗೆ ಆಸರೆ. ಆದರೆ ಸ್ವಂತ ಜಮೀನಿನಲ್ಲಿ ದುಡಿದರೂ ಅವರ ಪಾಲಿನ ಹಣ ಅವರ ಕೈಗೆ ಕೊಡಿ. ಸ್ವಂತಕ್ಕೆ ಸಣ್ಣ ಅಂಗಡಿ ಇಡುವ ಆಸೆ ಇದ್ದರೆ ವಿಕಲಚೇತನರ ಸಬಲೀಕರಣ ಇಲಾಖೆಯ ಆಧಾರ ಯೋಜನೆಯ ಬಗ್ಗೆ ವಿ.ಆರ್.ಡಬ್ಲ್ಯೂ. ಹತ್ತಿರ ಕೇಳಿ.

ಹಂತ 6: ಹುಡುಕುವುದು

ಪೇಪರ್ ಜಾಹೀರಾತಿಗಿಂತ ಪರಿಚಯದವರ ಮೂಲಕ ಕೆಲಸ ಸಿಗುವುದು ಜಾಸ್ತಿ. ನಾನು ಮಾಡಿದ್ದು ಹೀಗೆ. ಮನೆಯಿಂದ ನಡೆದು ಹೋಗುವ ದೂರದಲ್ಲಿ ಇರುವ ಹದಿನೈದು ಅಂಗಡಿ, ಪ್ರೆಸ್ಸು, ಗೋಡೌನ್‌ಗಳ ಪಟ್ಟಿ ಮಾಡಿದೆ. ಮೊದಲ ಸಲ ಹೋದಾಗ ಕೆಲಸ ಕೇಳಲಿಲ್ಲ. “ನಿಮ್ಮಲ್ಲಿ ಏನೇನು ಕೆಲಸ ಇರುತ್ತೆ, ಯಾವ ಕೆಲಸಕ್ಕೆ ಜನ ಸಿಗಲ್ಲ, ಯಾವ ಹೊತ್ತಿಗೆ ಜನ ಬೇಕು?” ಅಂತ ಕೇಳಿದೆ. ಎರಡನೇ ಸಲ ಹೋದಾಗ ಅವರ ತೊಂದರೆಗೆ ನನ್ನ ತಮ್ಮ ಹೇಗೆ ಹೊಂದುತ್ತಾನೆ ಅಂತ ಹೇಳಿದೆ. ಮೂರನೇ ಸಲ ಅವನನ್ನು ಕರೆದುಕೊಂಡು ಹೋದೆ. ವಿದೇಶದ ಉದ್ಯೋಗ ಸಹಾಯಕರೂ ಹೀಗೇ ಮೂರು ಭೇಟಿಯ ಕ್ರಮ ಇಟ್ಟುಕೊಂಡಿದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು.

ದಿನಸಿ ಅಂಗಡಿಯ ಯಜಮಾನರಿಗೆ ಬೇಳೆ, ಅಕ್ಕಿ, ಸಕ್ಕರೆ ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್ ಮಾಡಲು ಜನ ಬೇಕಿತ್ತು. ಹುಡುಗರು ನಿಲ್ಲುತ್ತಿರಲಿಲ್ಲ. ಹಿಂದಿನ ಕೋಣೆ, ಒಬ್ಬನೇ ಕೂರುವ ಕೆಲಸ, ಹನ್ನೊಂದಕ್ಕೆ ಬಂದರೂ ನಡೆಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದದ್ದೆಲ್ಲ ಅಲ್ಲಿ ಕೂಡಿಬಂತು.

ಸಂಬಳದ ಮಾತು ಬಿಡಬೇಡಿ. “ಸುಮ್ನೆ ಬಂದು ಹೋಗ್ತಿರ್ಲಿ, ಟೈಮ್ ಪಾಸ್ ಆಗುತ್ತೆ” ಅನ್ನುವವರು ಒಳ್ಳೆಯವರೇ ಇರಬಹುದು. ಆದರೂ ಒಪ್ಪಬೇಡಿ. ಬೇರೆಯವರಿಗೆ ಗಂಟೆಗೆ ಎಷ್ಟೋ ಇವರಿಗೂ ಅಷ್ಟೇ. ಅದೂ ಅವರದೇ ಬ್ಯಾಂಕ್ ಖಾತೆಗೆ.

ಹಂತ 7: ಹೇಳಬೇಕಾ, ಬೇಡವಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಇದನ್ನು ತೀರ್ಮಾನಿಸುವವರು ಕೆಲಸಕ್ಕೆ ಹೋಗುವವರು, ನಾವಲ್ಲ. ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳಬೇಡಿ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರಿಗೆ ಕೊಟ್ಟಿದೆ.

ಹೇಳುವುದು ಮತ್ತು ಮುಚ್ಚಿಡುವುದು, ಈ ಎರಡರ ನಡುವೆ ಜಾಗ ಇದೆ. ಕಾಯಿಲೆಯ ಹೆಸರು ಹೇಳದೆ, ಕೆಲಸಕ್ಕೆ ಬೇಕಾದಷ್ಟು ಮಾತ್ರ ಹೇಳಬಹುದು. ನಮ್ಮ ತಮ್ಮ ಮತ್ತು ನಾನು ಮನೆಯಲ್ಲಿ ನಾಲ್ಕು ಸಲ ಆಡಿ ನೋಡಿ, ಅಂಗಡಿಯಲ್ಲಿ ಅವನೇ ಹೇಳಿದ ಮಾತು ಇದು:

“ಅಣ್ಣ, ನನಗೆ ಒಂದು ಆರೋಗ್ಯದ ತೊಂದರೆ ಇದೆ. ಮಾತ್ರೆ ತಗೋತಿದ್ದೀನಿ, ಈಗ ಚೆನ್ನಾಗಿದ್ದೀನಿ. ಬೆಳಿಗ್ಗೆ ಹನ್ನೊಂದಕ್ಕೆ ಬರ್ತೀನಿ. ತಿಂಗಳಿಗೆ ಒಂದಿನ ಆಸ್ಪತ್ರೆಗೆ ಹೋಗ್ಬೇಕು. ಕೆಲಸ ಒಂದೊಂದೇ ಹೇಳಿದ್ರೆ ಸರಿಯಾಗಿ ಮಾಡ್ತೀನಿ.”

ಯಜಮಾನರು ಕಾಯಿಲೆಯ ಹೆಸರು ಕೇಳಲಿಲ್ಲ. “ಅಕ್ಕನ ಫೋನ್ ನಂಬರ್ ಕೊಡಪ್ಪ” ಅಂದರು, ಅಷ್ಟೇ.

ಸಂದರ್ಶನದಲ್ಲಿ “ಇಷ್ಟು ವರ್ಷ ಏನ್ ಮಾಡ್ತಿದ್ರಿ?” ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಎರಡು ವಾಕ್ಯ ಇರಲಿ. “ಆರೋಗ್ಯದ ಕಾರಣಕ್ಕೆ ಕೆಲವು ವರ್ಷ ಬಿಡುವು ತಗೊಂಡಿದ್ದೆ. ಈಗ ಕೆಲಸಕ್ಕೆ ತಯಾರಿದ್ದೀನಿ.” ಮುಂದಕ್ಕೆ ತಕ್ಷಣ ಕೆಲಸದ ಮಾತಿಗೆ ಬರಬೇಕು. ಕಂಪನಿಯ ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ನೇರ ಪ್ರಶ್ನೆ ಇದ್ದರೆ ಬರವಣಿಗೆಯಲ್ಲಿ ಸುಳ್ಳು ಬೇಡ. ಡಾಕ್ಟರನ್ನು ಕೇಳಿ, ‘ಕೆಲಸಕ್ಕೆ ಯೋಗ್ಯ’ ಅಂತ ಪ್ರಮಾಣಪತ್ರ ಬರೆಸಿಕೊಳ್ಳಿ.

ದೊಡ್ಡ ಕಂಪನಿಯಲ್ಲಾದರೆ ಹೇಳುವುದರಿಂದ ಲಾಭವೂ ಇದೆ. 20 ಅಥವಾ ಜಾಸ್ತಿ ಜನ ಇರುವ ಖಾಸಗಿ ಸಂಸ್ಥೆಗಳೂ ವಿಕಲಚೇತನರಿಗೆ ಏನೇನು ಅನುಕೂಲ ಮಾಡಿಕೊಡುತ್ತೇವೆ ಅನ್ನುವ ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು ಅಂತ ನಿಯಮ ಇದೆ. ಸರ್ಕಾರಿ ಕೆಲಸದಲ್ಲಿದ್ದಾಗ ಕಾಯಿಲೆ ಬಂದರೆ ಅದೇ ಕಾರಣಕ್ಕೆ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. 2016ರ ಕಾಯ್ದೆಯ 20ನೇ ಸೆಕ್ಷನ್ ಹೇಳುವುದು ಇದನ್ನೇ. ಸಿಆರ್‌ಪಿಎಫ್‌ನ ಒಬ್ಬ ಅಧಿಕಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಮಾನಸಿಕ ಕಾಯಿಲೆಯಿಂದಾದ ನಡವಳಿಕೆಗೆ ಶಿಸ್ತುಕ್ರಮ ಹೂಡುವುದು ಕೂಡ ಪರೋಕ್ಷ ತಾರತಮ್ಯ ಆಗುತ್ತದೆ ಅಂತ ಹೇಳಿತು. ಅನ್ಯಾಯವಾದರೆ ರಾಜ್ಯದಲ್ಲಿ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು.

ಹಂತ 8: ಮೊದಲ ಮೂರು ತಿಂಗಳು

ನನ್ನ ಮಟ್ಟಿಗೆ ಎಲ್ಲದಕ್ಕಿಂತ ದೊಡ್ಡ ಹಂತ ಇದು. ಕೆಲಸ ಸಿಕ್ಕಿತು ಅಂತ ದೇವರಿಗೆ ಕಾಯಿ ಒಡೆಸಿ ನಾವು ಸುಮ್ಮನಾಗಿದ್ದೇ ಎರಡನೇ ಕೆಲಸ ಹೋಗಲು ಕಾರಣ.

ದಿನಸಿ ಅಂಗಡಿಯ ಮೊದಲ ದಿನ ನಾನು ಪಕ್ಕದಲ್ಲೇ ಒಂದು ಗೋಣಿಚೀಲದ ಮೇಲೆ ಕೂತಿದ್ದೆ. ತಮ್ಮ ತಕ್ಕಡಿಯ ಮೇಲೆ ಕವರ್ ಇಟ್ಟು ಬೇಳೆ ಸುರಿಯುತ್ತಿದ್ದ. ಕೈ ನಡುಗುತ್ತಿತ್ತು. 480 ಅಂತ ಬರುತ್ತದೆ, ಇನ್ನು ಸ್ವಲ್ಪ ಹಾಕಿದರೆ 540. ತೆಗೆದರೆ 470. ಒಂದು ಪ್ಯಾಕೆಟ್ಟಿಗೆ ಆರು ನಿಮಿಷ. ಹಣೆಯೆಲ್ಲ ಬೆವರು. “ಅಕ್ಕ, ಕೈ ನಿಲ್ತಿಲ್ಲ. ಮನೆಗೆ ಹೋಗೋಣ” ಅಂದ. ಆಗ ಅಂಗಡಿಯಲ್ಲಿದ್ದ ವಯಸ್ಸಾದ ಒಬ್ಬ ಕೆಲಸಗಾರರು ಬಂದು, ದೊಡ್ಡ ಮೊಗೆ ತೆಗೆದಿಟ್ಟು ಒಂದು ಸಣ್ಣ ಚಮಚ ಕೊಟ್ಟರು. “ಮೊದಲು ಇದರಿಂದ ಹತ್ತಿರಕ್ಕೆ ತಗೊಂಡು ಬಾ. ಕೊನೇದು ಬೆರಳಲ್ಲಿ ಹಾಕು” ಅಂದರು. ಸಂಜೆಗೆ ಒಂದು ಪ್ಯಾಕೆಟ್ಟಿಗೆ ಎರಡು ನಿಮಿಷಕ್ಕೆ ಬಂತು. ಮುಂದಿನ ತಿಂಗಳು ಡಾಕ್ಟರಿಗೆ ನಡುಕದ ವಿಷಯ ಹೇಳಿದೆವು. ಅವರು ಮಾತ್ರೆ ಹೊಂದಿಸಿದರು.

ಇದರಲ್ಲಿ ನಾನು ಕಲಿತದ್ದು, ತೊಂದರೆ ಬಹಳ ಸಲ ಇಷ್ಟೇ ಸಣ್ಣದಿರುತ್ತದೆ. ಒಂದು ಚಮಚ, ಗೋಡೆಗೆ ಅಂಟಿಸಿದ ಒಂದು ಚೀಟಿ, ಮೊಬೈಲಿನಲ್ಲಿ ನಲವತ್ತು ನಿಮಿಷಕ್ಕೊಂದು ಅಲಾರಂ. ಆದರೆ ಅದನ್ನು ಅಲ್ಲೇ ಇದ್ದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮನೆಯಲ್ಲಿ ಕೂತು “ಹೇಗಿತ್ತು ಕೆಲಸ?” ಅಂತ ಕೇಳಿದ್ದರೆ ಅವನು “ಆಗಲ್ಲ” ಅಂದಿರುತ್ತಿದ್ದ.

ಮೊದಲ ವಾರ ಸಾಧ್ಯವಾದರೆ ಜೊತೆಗೆ ಹೋಗಿ. ಎರಡನೇ ವಾರ ಬಾಗಿಲವರೆಗೆ, ಮೂರನೇ ವಾರದಿಂದ ಫೋನ್. ವಾರಕ್ಕೊಮ್ಮೆ ಯಜಮಾನರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಏನು ಚೆನ್ನಾಗಿ ಮಾಡುತ್ತಿದ್ದಾನೆ, ಏನು ಬದಲಾಗಬೇಕು? ಬಹಳ ಜನ ಮಾಲೀಕರು ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಒಂದು ದಿನ “ನಾಳೆಯಿಂದ ಬೇಡ” ಅನ್ನುತ್ತಾರೆ. ನೀವು ಮೊದಲೇ ಕೇಳಿದರೆ ಅದು ಅಲ್ಲಿವರೆಗೆ ಹೋಗುವುದಿಲ್ಲ. ಇದನ್ನು ಕೆಲಸಕ್ಕೆ ಹೋಗುವವರಿಗೆ ಗೊತ್ತಿದ್ದೇ ಮಾಡಿ, ಬೆನ್ನ ಹಿಂದೆ ಬೇಡ.

ಮನೆಯಲ್ಲಿ ದಿನಾ “ಮಾತ್ರೆ ತಗೊಂಡ್ಯಾ, ಟಿಫಿನ್ ತಗೊಂಡ್ಯಾ, ಜಗಳ ಆಡಲಿಲ್ಲ ತಾನೇ?” ಅಂತ ಕೆದಕಬೇಡಿ. ಕೆಲಸದಿಂದ ಬಂದವರಿಗೆ ಮೊದಲು ಅರ್ಧ ಗಂಟೆ ಮೌನ ಕೊಡಿ. ಮೊದಲ ತಿಂಗಳ ಸಂಬಳ ಬಂದಾಗ ತಮ್ಮ ಅಮ್ಮನಿಗೆ ಒಂದು ಸ್ಟೀಲ್ ಡಬ್ಬಿ ತಂದ. ಅಮ್ಮ ಅದರಲ್ಲಿ ಇವತ್ತಿಗೂ ಏನೂ ಹಾಕಿಲ್ಲ, ದೇವರ ಕೋಣೆಯಲ್ಲಿಟ್ಟಿದ್ದಾರೆ.

ಹಂತ 9: ಕಾಯಿಲೆ ಮತ್ತೆ ತಲೆ ಎತ್ತಿದರೆ

ಎತ್ತುತ್ತದೆ ಅಂತಲೇ ಇಟ್ಟುಕೊಂಡು ಮೊದಲೇ ತಯಾರಾಗಿ. ಅವರು ಚೆನ್ನಾಗಿರುವಾಗ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಹುಷಾರು ತಪ್ಪುವ ಮುಂಚೆ ಏನೇನು ಬದಲಾಗುತ್ತದೆ? ನಮ್ಮ ತಮ್ಮನಿಗೆ ಮೂರು ರಾತ್ರಿ ನಿದ್ದೆ ಬರುವುದಿಲ್ಲ, ಸ್ನಾನ ಬಿಡುತ್ತಾನೆ, ಪಕ್ಕದವರು ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅನ್ನುತ್ತಾನೆ. ಬೈಪೋಲಾರ್ ಇರುವವರಲ್ಲಿ ನಿದ್ದೆ ಕಡಿಮೆ, ಮಾತು ಜಾಸ್ತಿ, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚು. ಈ ಗುರುತು ಎರಡು ಕಂಡರೆ ಯಾರಿಗೆ ಫೋನ್, ಯಾವ ಆಸ್ಪತ್ರೆ, ಯಜಮಾನರಿಗೆ ಯಾರು ಹೇಳುವುದು ಅಂತ ಅದೇ ಹಾಳೆಯಲ್ಲಿ ಇರಲಿ. ತನಗೆ ಹುಷಾರು ತಪ್ಪಿದಾಗ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮುಂಚಿತವಾಗಿ ಬರೆದಿಡುವ ಹಕ್ಕನ್ನು 2017ರ ಕಾಯ್ದೆಯೂ ಕೊಟ್ಟಿದೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ. ಸಂಬಳದಿಂದ ಇಎಸ್‌ಐ ಕಟ್ ಆಗುತ್ತಿದ್ದರೆ, ಕಾಯಿಲೆಯ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಅದಲ್ಲದೆ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾದಂಥ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಕೂಡ ಇದೆ. ಎರಡು ವರ್ಷ ಇಎಸ್‌ಐನಲ್ಲಿದ್ದು, ಚಂದಾ ಷರತ್ತು ಪೂರೈಸಿದ್ದರೆ, ಶೇ. 80ರ ದರದಲ್ಲಿ ಹೆಚ್ಚಿನ ಅವಧಿಯ ಭತ್ಯೆ ಪಡೆಯಬಹುದು. ಸಾಮಾನ್ಯವಾಗಿ ₹21,000ದವರೆಗೆ ಸಂಬಳ ಇರುವವರು ಇಎಸ್‌ಐಗೆ ಬರುತ್ತಾರೆ, ವಿಕಲಚೇತನರಿಗೆ ಆ ಮಿತಿ ₹25,000. ಆದ್ದರಿಂದ ಹುಷಾರಿಲ್ಲ ಅಂತ ರಾಜೀನಾಮೆ ಬರೆದು ಕೊಡುವ ಮುಂಚೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. ಹುಷಾರು ತಪ್ಪಿದ ಹೊತ್ತಿನಲ್ಲಿ ಯಾರೂ ಕೆಲಸ ಬಿಡುವ ತೀರ್ಮಾನ ಮಾಡಬಾರದು. “ಹದಿನೈದು ದಿನ ರಜೆ ಹಾಕೋಣ, ಆಮೇಲೆ ನೋಡೋಣ” ಅಂತ ಹೇಳಿ.

ಸಾಯುವ ಮಾತು ಬಂದರೆ ಕೆಲಸದ ವಿಷಯ ಎಲ್ಲ ಬದಿಗಿಡಿ. ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ.

ಹಂತ 10: ಕೆಲಸ ಹೋದರೆ

ಒಂದು ವಾರ ಬಿಡಿ. ಆಮೇಲೆ ಅದೇ ನೋಟ್‌ಬುಕ್ ತೆಗೆದು ಬರೆಯಿರಿ: ಎಷ್ಟು ದಿನ ನಿಂತ, ಏನು ಕೂಡಿಬಂತು, ಏನು ಆಗಲಿಲ್ಲ. ಹನ್ನೊಂದು ದಿನ ನಿಂತದ್ದೂ ಅನುಭವವೇ. ತಿಂಗಳೊಳಗೆ ಮತ್ತೆ ಹುಡುಕಲು ಶುರು ಮಾಡಿ. ಬಿಡುವು ಉದ್ದವಾದಷ್ಟು ಮತ್ತೆ ಹೊರಡುವುದು ಕಷ್ಟ.

ಸಹಾಯ ಎಲ್ಲಿ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಪುನರ್ವಸತಿ ವಿಭಾಗ ಇದೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಹತ್ತಿರ. ಬೆಂಗಳೂರಿನಲ್ಲಿ ರಿಚ್‌ಮಂಡ್ ಫೆಲೋಶಿಪ್ ಸೊಸೈಟಿ ಪುನರ್ವಸತಿಯನ್ನೇ ಮಾಡುತ್ತದೆ, ಎನೇಬಲ್ ಇಂಡಿಯಾ ವಿಕಲಚೇತನರಿಗೆ ಕೆಲಸ ಕೊಡಿಸಲು ನೆರವಾಗುತ್ತದೆ. ಜಿಲ್ಲೆಗಳಲ್ಲಿ ಹಗಲು ಹೊತ್ತು ನೋಡಿಕೊಳ್ಳುವ ಮಾನಸಧಾರಾ ಕೇಂದ್ರಗಳಿವೆ. ಜಿಲ್ಲಾ ಆಸ್ಪತ್ರೆಗೆ ಹೋದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೋಷಿಯಲ್ ವರ್ಕರ್ ಯಾರು ಅಂತ ಕೇಳಿ, ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಡಾಕ್ಟರಿಗೆ ಐದು ನಿಮಿಷಕ್ಕಿಂತ ಹೆಚ್ಚು ಸಮಯ ಇರುವುದಿಲ್ಲ, ಸೋಷಿಯಲ್ ವರ್ಕರ್ ಕೂತು ಮಾತಾಡುತ್ತಾರೆ. ಹೋಗುವಾಗ ಯುಡಿಐಡಿ ಕಾರ್ಡ್, ಈಗಿನ ಮಾತ್ರೆ ಚೀಟಿ, ಆ ಎರಡು ವಾರದ ನೋಟ್‌ಬುಕ್, ಈ ಮೂರೂ ಕೈಯಲ್ಲಿರಲಿ. ಮತ್ತು ಮಾತು ಕೆಲಸ ಬೇಕಾದವರೇ ಶುರು ಮಾಡಲಿ, ನೀವು ಪಕ್ಕದ ಕುರ್ಚಿಯಲ್ಲಿರಿ.